ಮಾವು ಕೊಟ್ಟು ತಂದ ಬೈಕು

ಮಾವಿನ ಹಣ್ಣಿಗೂ ಮೋಟರ್ ಸೈಕಲ್ಲಿಗೂ ಏನು ಸಂಬಂಧ? 2007ರ ಏಪ್ರಿಲ್‌ವರೆಗೆ ಏನೂ ಇರಲಿಲ್ಲ. ಆ ತಿಂಗಳು ನಮ್ಮ ವಾಣಿಜ್ಯ ಸಚಿವ ಕಮಲ್ ನಾಥ್ ಮತ್ತು ಅಮೆರಿಕದ ವ್ಯಾಪಾರ ಪ್ರತಿನಿಧಿ ಸೂಸನ್ ಶ್ವಾಬ್ ದೆಹಲಿಯಲ್ಲಿ ಕೂತು ಒಂದು ಲೆಕ್ಕ ಚುಕ್ತಾ ಮಾಡಿದರು. ಭಾರತದ ಮಾವು ಅಮೆರಿಕಕ್ಕೆ ಹೋಗುತ್ತದೆ, ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಭಾರತಕ್ಕೆ ಬರುತ್ತದೆ. ಇಂದು ಬೆಂಗಳೂರಿನ ರಸ್ತೆಯಲ್ಲಿ ನಾಲ್ಕು ಕ್ವಿಂಟಲ್‌ನ ಟೂರಿಂಗ್ ಬೈಕೊಂದು ಗುಡುಗುತ್ತ ಹೋದರೆ ಅದರ ವಂಶಾವಳಿ ಈ ಸಾಟಿ ವ್ಯಾಪಾರದಲ್ಲಿದೆ. ಅರ್ಥಶಾಸ್ತ್ರದ ಪಂಡಿತರಿಗೆ ಇದೊಂದು ಅಡಿಟಿಪ್ಪಣಿ. ನಾನು ಧಾರವಾಡದವನು, ಆಪೂಸಿನ ಹೆಸರು ಕಂಡಲ್ಲಿ ನಿಲ್ಲದೆ ಮುಂದೆ ಹೋಗಲಾರೆ.

ಮೊದಲು ಹಣ್ಣಿನ ಕಥೆ. 1989ರಿಂದ ಅಮೆರಿಕದ ಬಾಗಿಲು ನಮ್ಮ ಮಾವಿಗೆ ಮುಚ್ಚಿತ್ತು. ಕಾರಣ ಹುಳ. ಹಣ್ಣಿನ ನೊಣದ ಕಾಟ ಒಂದು ಕಡೆ. ಅದಕ್ಕಿಂತ ಕಳ್ಳ ಇನ್ನೊಂದು, ಓಟೆಯೊಳಗೇ ಕೂತು ಬೆಳೆಯುವ ಮೂತಿಹುಳು. ಹಣ್ಣಿನ ಮೇಲ್ಮೈ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಕೊಯ್ದು ಓಟೆ ಸೀಳಿದ ಮೇಲೇ ಮಹಾಶಯನ ದರ್ಶನ. ಫ್ಲಾರಿಡಾದ ತೋಟಗಳಿಗೆ ಇದು ಹಬ್ಬೀತು ಎಂಬ ಅಮೆರಿಕದವರ ಭಯ ಪೂರ್ತಿ ನೆಪವೇನಲ್ಲ. ಪರಿಹಾರ ಸಿಕ್ಕಿದ್ದು ಈರುಳ್ಳಿ ಸಂತೆಗೆ ಹೆಸರಾದ ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ. ಈರುಳ್ಳಿ ಮೊಳಕೆ ಒಡೆಯದಿರಲೆಂದು ಭಾಭಾ ಅಣು ಸಂಶೋಧನಾ ಕೇಂದ್ರ ಅಲ್ಲಿ ಒಂದು ವಿಕಿರಣ ಘಟಕ ಹಾಕಿತ್ತು. ಅದೇ ಕೋಬಾಲ್ಟ್‌ನ ಗಾಮಾ ಕಿರಣವನ್ನು ಮಾವಿಗೆ ಕನಿಷ್ಠ 400 ಗ್ರೇ ಪ್ರಮಾಣದಲ್ಲಿ ಕೊಟ್ಟರೆ ಹುಳ ಸಾಯದಿದ್ದರೂ ಸಂತಾನ ಮುಂದುವರಿಯುವುದಿಲ್ಲ. 2006ರ ಮಾರ್ಚ್‌ನಲ್ಲಿ ದೆಹಲಿಗೆ ಬಂದ ಅಧ್ಯಕ್ಷ ಜಾರ್ಜ್ ಬುಷ್, ಮನಮೋಹನ್ ಸಿಂಗ್ ಪಕ್ಕದಲ್ಲೇ ನಿಂತು, ಭಾರತದ ಮಾವು ತಿನ್ನಲು ಕಾದಿದ್ದೇವೆ ಎಂದರು. ಮರುವರ್ಷ ಏಪ್ರಿಲ್ ಕೊನೆಯಲ್ಲಿ ಮೊದಲ 150 ಪೆಟ್ಟಿಗೆಗಳು ನ್ಯೂಯಾರ್ಕ್‌ನಲ್ಲಿ ಇಳಿದವು. ಒಳಗಿದ್ದದ್ದು ಮಹಾರಾಷ್ಟ್ರದ ಆಪೂಸು ಮತ್ತು ಕೇಸರ್. ನಮ್ಮ ಕೋಲಾರ ಜಿಲ್ಲೆಯ ಮಾಲೂರಿಗೂ ಅಂಥ ಘಟಕ ಬಂದದ್ದು ಆಮೇಲೆ. ಧಾರವಾಡದ ಆಪೂಸಿಗೆ ಆ ಮೊದಲ ವಿಮಾನದಲ್ಲಿ ಜಾಗವಿರಲಿಲ್ಲ ಎಂಬ ಸಣ್ಣ ಸಿಟ್ಟು ನನಗಿನ್ನೂ ಇದೆ.

ಇನ್ನು ಬೈಕು. ಹಾರ್ಲೆ ಈ ನೆಲಕ್ಕೆ ಹೊಸದೇನೂ ಅಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಮಿತ್ರಪಡೆಗಳು ಬಿಟ್ಟುಹೋದ ಬೈಕುಗಳನ್ನು ದೆಹಲಿಯ ಸರ್ದಾರ್ಜಿಗಳು ಹರಾಜಿನಲ್ಲಿ ಹಿಡಿದು, ಹಿಂದೆ ಎರಡು ಗಾಲಿಯ ಗಾಡಿ ಬೆಸೆದು ಬಾಡಿಗೆಗೆ ಬಿಟ್ಟಿದ್ದರು. ಚಾಂದನಿ ಚೌಕ್ ಮತ್ತು ಕನಾಟ್ ಪ್ಲೇಸ್ ನಡುವೆ ಜನರನ್ನು ತುಂಬಿಕೊಂಡು ಓಡುತ್ತಿದ್ದ ಈ ಫಟ್‌ಫಟಿಗಳನ್ನು 1990ರ ದಶಕದ ಕೊನೆಯಲ್ಲಿ ರಸ್ತೆಯಿಂದ ಎತ್ತಿಸಿದ್ದು ಮಾಲಿನ್ಯದ ಕಾರಣಕ್ಕೆ. ಹೊಸ ಹಾರ್ಲೆ ಒಳಬರಲು ಅಡ್ಡಿಯಾದದ್ದೂ ಹೊಗೆಯ ನಿಯಮವೇ. ನಮ್ಮ ಮಾನದಂಡಗಳೆಲ್ಲ 100, 150 ಸಿಸಿಯ ಮಂದಿಗಾಗಿ ಬರೆದವು. 2007ರ ಒಪ್ಪಂದದಲ್ಲಿ ಸರ್ಕಾರ, 800 ಸಿಸಿ ಮೇಲಿನ ಬೈಕುಗಳಿಗೆ ಯೂರೊ-3 ಪ್ರಮಾಣಪತ್ರವಿದ್ದರೆ ಸಾಕು ಎಂದಿತು. ಆಮದು ಸುಂಕ ಮಾತ್ರ ಒಂದು ಪೈಸೆಯೂ ಇಳಿಯಲಿಲ್ಲ. ಹಣ್ಣು ಅದೇ ಬೇಸಿಗೆಯಲ್ಲಿ ಹಾರಿತು, ಬೈಕು ಅಂಗಡಿಗೆ ಬರಲು 2010ರ ಮಳೆಗಾಲವಾಯಿತು. ಬೆಲೆ ಸುಮಾರು 7 ಲಕ್ಷದಿಂದ 35 ಲಕ್ಷ. ಮರುವರ್ಷ ಹರಿಯಾಣದ ಬಾವಲ್‌ನಲ್ಲಿ ಬಿಡಿಭಾಗ ತಂದು ಜೋಡಿಸುವ ಕಾರ್ಖಾನೆ ತೆರೆಯಿತು. ಹಾಗೆ ಜೋಡಿಸಿದ್ದಕ್ಕೆ ಸುಂಕ ಕಡಿಮೆ. ದೊಡ್ಡ ಟೂರಿಂಗ್ ಮಾದರಿಗಳು ಮಾತ್ರ ಬಹುಮಟ್ಟಿಗೆ ಇಡಿಯಾಗಿಯೇ ಹಡಗು ಹತ್ತಿ ಬರುತ್ತಿದ್ದವು.

ಇಷ್ಟು ರಾಜತಾಂತ್ರಿಕತೆ ಸುರಿದು ತಂದ ವಸ್ತುವಾದರೂ ಏನು? 45 ಡಿಗ್ರಿ ಕೋನದಲ್ಲಿ ಕೂತ ಎರಡು ಸಿಲಿಂಡರ್, ಎರಡಕ್ಕೂ ಒಂದೇ ಕ್ರ್ಯಾಂಕ್‌ಪಿನ್. ಹಾಗಾಗಿ ಸಿಡಿತಗಳ ನಡುವೆ ಒಮ್ಮೆ 315 ಡಿಗ್ರಿ, ಇನ್ನೊಮ್ಮೆ 405 ಡಿಗ್ರಿ ಅಂತರ. ಆ ಕುಂಟು ಲಯವೇ ಹಾರ್ಲೆಯ ಸದ್ದು. 1994ರಲ್ಲಿ ಕಂಪನಿ ಈ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿತು. ಎದುರಾಳಿಗಳ ತಕರಾರು ಮುಗಿಯದೆ 2000ದಲ್ಲಿ ಕೈಬಿಟ್ಟಿತು. ಸದ್ದಿನ ಜೊತೆಗೆ ಬರುವುದು ಶಾಖ. ಹಿಂದಿನ ಸಿಲಿಂಡರ್ ಸರಿಯಾಗಿ ತೊಡೆಯ ಕೆಳಗಿದೆ, ಮುಂದಿನದು ಅಡ್ಡ ಇರುವುದರಿಂದ ಅದಕ್ಕೆ ಗಾಳಿ ಕಡಿಮೆ. ಸಿಗ್ನಲ್ಲಿನಲ್ಲಿ ನಿಂತಾಗ ಆ ಸಿಲಿಂಡರನ್ನು ತಾನಾಗಿಯೇ ಆರಿಸುವ ವ್ಯವಸ್ಥೆಯನ್ನು ಟೂರಿಂಗ್ ಮಾದರಿಗಳಿಗೆ ಕೊಟ್ಟಿದ್ದಾರೆ. ಹಾಗಿದ್ದೂ ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವರಿಗೆ ಹಾರ್ಲೆಯ ತವರು ಮಿಲ್ವಾಕಿಯ ಎಂಜಿನಿಯರುಗಳ ಬಗ್ಗೆ ಒಳ್ಳೆಯ ಮಾತು ಬಾಯಿಗೆ ಬರುವುದು ಕಷ್ಟ.

ಕೊಳ್ಳುವವರು ಮಾತ್ರ ಷೋರೂಮಿನಲ್ಲಿ ಕ್ರೋಮಿಯಂ ಹೊಳಪು ನೋಡಿ ಆಯ್ಕೆ ಮುಗಿಸಿಬಿಡುತ್ತಾರೆ. ನೋಡಬೇಕಾದದ್ದು ಮುಂಭಾಗದ ಗಾಳಿತಡೆ. 1969ರಿಂದ ಬಂದಿರುವ ಬಾವಲಿ ರೆಕ್ಕೆಯ ಆಕಾರದ್ದನ್ನು ಫೋರ್ಕಿಗೇ ಕಟ್ಟಿರುತ್ತಾರೆ, ಹ್ಯಾಂಡಲ್ ತಿರುಗಿಸಿದರೆ ಅದೂ ತಿರುಗುತ್ತದೆ. ಸ್ಟ್ರೀಟ್ ಗ್ಲೈಡ್‌ನಲ್ಲಿರುವುದು ಇದೇ. ರೋಡ್ ಗ್ಲೈಡ್‌ನಲ್ಲಿ ಅದು ಚಾಸಿಗೆ ಅಂಟಿದೆ, ಹ್ಯಾಂಡಲ್ ಹಗುರ. ಹುಬ್ಬಳ್ಳಿ ಕಡೆಗೆ ಹೋಗುವಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವಲ್ಲ, ಅವುಗಳನ್ನು ತಿರುಗಿಸುವ ಗಾಳಿಯೇ ಹೆದ್ದಾರಿಯ ಮೇಲೂ ಅಡ್ಡ ಬೀಸುತ್ತದೆ. ಅಲ್ಲಿ ಈ ಎರಡರ ವ್ಯತ್ಯಾಸ ತೋಳಿಗೆ ಗೊತ್ತಾಗುತ್ತದೆ. ದೂರದ ಓಟವೇ ಮುಖ್ಯವಾದರೆ ನನ್ನ ಮತ ಚಾಸಿಗೆ ಕಟ್ಟಿದ್ದಕ್ಕೆ. ಊರೊಳಗೆ ಮೆರೆಯುವುದಕ್ಕಾದರೆ ಯಾವುದಾದರೂ ಸರಿ. ಹಿಂದೆ ಕೂರುವವರನ್ನು ಕೇಳದೆ ಮುಂಗಡ ಕೊಡಬಾರದು. ಬೆನ್ನಿಗೆ ಆಸರೆ ಕೊಡುವ ಹಿಂಬದಿ ಪೆಟ್ಟಿಗೆ ಎಲ್ಲ ಮಾದರಿಗಳಲ್ಲೂ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಎರಡನೇ ಪ್ರವಾಸವೇ ನಡೆಯದಿರುವುದಕ್ಕೆ ಆ ತೆಳು ಸೀಟೇ ಕಾರಣ.

ತೂಕದ ವಿಷಯದಲ್ಲಿ ಜನ ಸುಮ್ಮನೆ ಹೆದರುತ್ತಾರೆ. ಸೀಟಿನ ಎತ್ತರ ಸುಮಾರು 70 ಸೆಂ.ಮೀ. ಅಷ್ಟೇ, ಸಾಧಾರಣ ಎತ್ತರದವರ ಎರಡೂ ಪಾದ ನೆಲಕ್ಕೆ ಊರುತ್ತವೆ. ಓಡಲು ಶುರುವಾದರೆ ಭಾರ ಮಾಯ. ಕಷ್ಟವಿರುವುದು ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿ, ಹಿಂದಕ್ಕೆ ತಳ್ಳಬೇಕಾದಾಗ. ಹೋಂಡಾದ ಗೋಲ್ಡ್ ವಿಂಗ್‌ನಲ್ಲಿ ರಿವರ್ಸ್ ಇದೆ, ಇದರಲ್ಲಿಲ್ಲ. ಊರೂರಿನ ಹಂಪುಗಳು ಇನ್ನೊಂದು ಶನಿ. ಹೊಟ್ಟೆ ತಾಗಿಸದೆ ದಾಟಲು ಓರೆಯಾಗಿ ಏರಿಸಬೇಕು. ಪಾದ ಇಡುವ ಹಲಗೆ, ಹಿಮ್ಮಡಿಯಿಂದಲೂ ಒತ್ತಬಹುದಾದ ಗೇರು ಮಾತ್ರ ನಮ್ಮವರಿಗೆ ಕಲಿಸಬೇಕಾಗಿಲ್ಲ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಹಾರ್ಲೆಯವರು ರೋಡ್ ಕಿಂಗ್ ಎಂಬ ಬೈಕು ತಂದದ್ದು 1994ರಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಯೆಜ್ದಿ ರೋಡ್‌ಕಿಂಗ್ ಹೊರಬಂದದ್ದು 1978ರಲ್ಲಿ. 250 ಸಿಸಿಯ ಆ ಎರಡು ಸ್ಟ್ರೋಕಿನ ಗಾಡಿಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಒಂದು ಟ್ರಂಕು ಏರಿಸಿಕೊಂಡು ಜನ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದಾರೆ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅದನ್ನು ಉಳಿಸಲು ಯಾವ ಸಚಿವರೂ ಒಂದು ಬುಟ್ಟಿ ರಸಪುರಿಯನ್ನೂ ಎಲ್ಲಿಗೂ ಕಳಿಸಲಿಲ್ಲ.

ಸುಂಕದ ಜಗಳಕ್ಕೆ ಬರೋಣ. 2013ರ ಬಜೆಟ್ಟಿನಲ್ಲಿ 800 ಸಿಸಿ ಮೇಲಿನ ಆಮದು ಬೈಕುಗಳ ಸುಂಕ ಶೇ 60ರಿಂದ 75ಕ್ಕೆ ಏರಿತು. 2018ರ ಫೆಬ್ರುವರಿಯಲ್ಲಿ ಶೇ 50ಕ್ಕೆ ಇಳಿಯಿತು. ಇದನ್ನು ಪ್ರಧಾನಿ ಮೋದಿ ಫೋನಿನಲ್ಲಿ ತಿಳಿಸಿದಾಗ ತಮಗೆ ಸಿಕ್ಕಿದ್ದು ಸೊನ್ನೆ ಎಂದು ಅಧ್ಯಕ್ಷ ಟ್ರಂಪ್ ಸಭೆಗಳಲ್ಲಿ ಹೇಳಿಕೊಂಡು ತಿರುಗಿದರು. ಭಾರತವನ್ನು ಸುಂಕದ ರಾಜ ಎಂದು ಜರೆಯಲು ಅವರಿಗೆ ಸದಾ ಸಿಗುತ್ತಿದ್ದ ಉದಾಹರಣೆ ಈ ಬೈಕೇ. ಆದರೆ 1983ರಲ್ಲಿ ಜಪಾನಿನ ಪೈಪೋಟಿಗೆ ಹಾರ್ಲೆ ಮುಳುಗುವ ಸ್ಥಿತಿಯಲ್ಲಿದ್ದಾಗ ಅಧ್ಯಕ್ಷ ರೇಗನ್ ಮಾಡಿದ್ದೇನು? 700 ಸಿಸಿ ಮೇಲಿನ ಆಮದು ಬೈಕುಗಳ ಸುಂಕವನ್ನು ಶೇ 4.4ರಿಂದ ಒಂದೇ ಏಟಿಗೆ 49.4ಕ್ಕೆ ಎತ್ತಿದರು. ದೆಹಲಿ ಹಾಕಿದ ಶೇ 50ಕ್ಕೂ ವಾಷಿಂಗ್ಟನ್ ಹಾಕಿದ್ದಕ್ಕೂ ಅಷ್ಟೇ ಅಂತರ. ವರ್ಷದಿಂದ ವರ್ಷಕ್ಕೆ ಇಳಿಯುವ ಹಾಗೆ ಐದು ವರ್ಷಕ್ಕೆಂದು ಹಾಕಿದ ಆ ರಕ್ಷಣೆ ಇನ್ನು ಬೇಡ ಎಂದು 1987ರಲ್ಲಿ ಕಂಪನಿಯೇ ಮುಂಚಿತವಾಗಿ ಹೇಳಿತು ಎಂಬುದನ್ನೂ ಸೇರಿಸಬೇಕು, ಅದು ಅವರ ಹೆಚ್ಚುಗಾರಿಕೆ.

2020 ಮಾವಿಗೂ ಬೈಕಿಗೂ ಕೆಟ್ಟ ವರ್ಷ. ನಮ್ಮ ಘಟಕಗಳಲ್ಲಿ ನಿಂತು ಹಣ್ಣು ಪರೀಕ್ಷಿಸಬೇಕಾದ ಅಮೆರಿಕದ ಅಧಿಕಾರಿ ಕೋವಿಡ್‌ನಿಂದ ಬರಲಾಗದೆ ಮಾವಿನ ರಫ್ತು ನಿಂತಿತು. ಅದೇ ಸೆಪ್ಟೆಂಬರ್‌ನಲ್ಲಿ ಹಾರ್ಲೆ ಬಾವಲ್ ಕಾರ್ಖಾನೆ ಮುಚ್ಚುವುದಾಗಿ ಘೋಷಿಸಿತು. ಕೋಟಿಗಟ್ಟಲೆ ಸುರಿದು ಷೋರೂಮು ಕಟ್ಟಿದ ಡೀಲರುಗಳು ಬೀದಿಯಲ್ಲಿ ನಿಂತರು, ಮಾಲೀಕರು ಇನ್ನು ಬಿಡಿಭಾಗಕ್ಕೆ ಯಾರನ್ನು ಕೇಳುವುದು ಎಂದು ಕಂಗಾಲಾದರು. ಅಕ್ಟೋಬರ್‌ನಲ್ಲಿ ಹೀರೊ ಮೋಟೊಕಾರ್ಪ್ ಮಾರಾಟ, ಸರ್ವೀಸಿನ ಹೊಣೆ ಹೊತ್ತಿತು. 2023ರಲ್ಲಿ ಅದೇ ಕಂಪನಿ ಒಂದೇ ಸಿಲಿಂಡರಿನ, 440 ಸಿಸಿಯ ಹಾರ್ಲೆಯನ್ನೂ ತಯಾರಿಸಿತು. ಮಾವು 2022ರಲ್ಲಿ ಮತ್ತೆ ವಿಮಾನ ಹತ್ತಿತು. ಈ ಸಲ ಬದಲಿಗೆ ನಾವು ಒಪ್ಪಿಕೊಂಡದ್ದು ಅವರ ಚೆರ್ರಿ ಮತ್ತು ಕುದುರೆ ಮಸಾಲೆ ಸೊಪ್ಪಿನ ಒಣಮೇವು.

ಈಗಿನ ಲೆಕ್ಕವೇನು? 2025ರ ಬಜೆಟ್ಟು 1600 ಸಿಸಿ ಮೇಲಿನವಕ್ಕೆ ಸುಂಕವನ್ನು ಶೇ 30ಕ್ಕೆ ಇಳಿಸಿತು. ಅದೇ ಸೆಪ್ಟೆಂಬರ್‌ನಲ್ಲಿ 350 ಸಿಸಿ ಮೇಲಿನ ಎಲ್ಲ ಬೈಕುಗಳ ಜಿಎಸ್‌ಟಿ ಶೇ 40 ಆಯಿತು. ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಇದೆಲ್ಲ ಕಟ್ಟಿ, 40 ಲಕ್ಷದ ಆಸುಪಾಸಿನ ಗಾಡಿಯನ್ನು ಮೊದಲ ಸಲ ಮೈಸೂರಿಗೆ ಓಡಿಸೋಣವೆಂದು ಹೊರಟರೆ, ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. 1900 ಸಿಸಿಗೂ ಇಲ್ಲ, ಲೂನಾಕ್ಕೂ ಇಲ್ಲ. ಎರಡೂ ಒಟ್ಟಿಗೆ ಸರ್ವೀಸ್ ರಸ್ತೆ ಹಿಡಿದು ಬಿಡದಿಯ ಮೇಲೆ ಹೋಗಬೇಕು. ಆ ಹಂಪುಗಳಲ್ಲಿ ಲೂನಾದವರೇ ಮುಂದಿರುತ್ತಾರೆ.