ಆತ್ಮರಕ್ಷಣೆ ಮತ್ತು ಕೈಬಂದೂಕು



ಬೆಂಗಳೂರಿನ ಬನಶಂಕರಿ ಬಡಾವಣೆಗೆ ತನ್ನ ಹೆಸರನ್ನು ಕೊಟ್ಟ ಅಮ್ಮನವರ ದೇವಾಲಯಕ್ಕೆ ರಾಹುಕಾಲದ ಹೊತ್ತಿನಲ್ಲಿ ಹೋಗಿ ನಿಂತರೆ, ನಿಂಬೆಹಣ್ಣಿನ ಹೋಳುಗಳಲ್ಲಿ ದೀಪ ಹಚ್ಚುತ್ತಿರುವ ಜನರ ಸಾಲು ಕಾಣುವುದು. ಭಯವು ಮನುಷ್ಯನಿಗೆ ಸಹಜವಾದದ್ದು. ಅದನ್ನು ಕಳೆದುಕೊಳ್ಳುವುದಕ್ಕಾಗಿ ಅವನು ದೇವರ ಸನ್ನಿಧಿಗೂ ಹೋಗುವನು, ಬೀಗದ ಅಂಗಡಿಗೂ ಹೋಗುವನು, ಕೆಲವು ವೇಳೆ ಬಂದೂಕಿನ ಅಂಗಡಿಗೂ ಹೋಗುವನು. ಈ ಮೂರನೆಯ ದಾರಿಯ ವಿಚಾರವಾಗಿ ಈ ದಿನ ಕೆಲವು ಮಾತುಗಳನ್ನು ಅರಿಕೆ ಮಾಡಬೇಕೆಂದಿರುವೆವು.

ಬನಶಂಕರಿಯ ಎರಡನೆಯ ಹಂತದಲ್ಲಿ ವಾಸಿಸುವ ಒಬ್ಬ ವೃದ್ಧ ಗೃಹಸ್ಥರನ್ನು ಕಲ್ಪಿಸಿಕೊಳ್ಳೋಣ. ಮಕ್ಕಳು ಪರದೇಶದಲ್ಲಿರುವರು; ಮನೆಯಲ್ಲಿ ಗಂಡಹೆಂಡಿರಿಬ್ಬರೇ. ಬೇಸಗೆಯ ರಜೆಯಲ್ಲಿ ಮಾತ್ರ ಮೊಮ್ಮಕ್ಕಳು ಬಂದು ಮನೆಯನ್ನೆಲ್ಲ ತುಂಬುವರು. ಪಕ್ಕದ ಬೀದಿಯಲ್ಲಿ ಒಂದು ಕಳ್ಳತನವಾಯಿತು. ಅಂದಿನಿಂದ ಆ ದಂಪತಿಗಳಿಗೆ ರಾತ್ರಿ ನಿದ್ರೆಯಿಲ್ಲ. ‘ಒಂದು ಪಿಸ್ತೂಲನ್ನು ಕೊಂಡು ಇಟ್ಟುಕೊಂಡರೆ ಹೇಗೆ? ಯಾವುದು ಒಳ್ಳೆಯದು?’ ಎಂದು ಯಜಮಾನರು ಸ್ನೇಹಿತರನ್ನು ಕೇಳತೊಡಗುವರು. ಯಾವುದು ಒಳ್ಳೆಯದೆಂಬ ಪ್ರಶ್ನೆ ಯುಕ್ತವಾದದ್ದೇ. ಆದರೆ ಅದು ಮೊದಲನೆಯ ಪ್ರಶ್ನೆಯಲ್ಲ. ಅದನ್ನು ಎಲ್ಲಿ ಇಡುವೆವು, ಯಾರ ಕೈಗೆ ಸಿಕ್ಕದಂತೆ ಇಡುವೆವು ಎಂಬುದೇ ಮೊದಲನೆಯದು. ಇದಕ್ಕೆ ಉತ್ತರ ದೊರೆತ ಮೇಲೆ ಉಳಿದವುಗಳೆಲ್ಲ ಸುಲಭವಾಗುವುವು.

ಮೊದಲು ಕಾನೂನನ್ನು ನೋಡೋಣ. ನಮ್ಮ ದೇಶದಲ್ಲಿ ಬಂದೂಕು ಹಣವಿದ್ದವರೆಲ್ಲ ಕೊಳ್ಳಬಹುದಾದ ಪದಾರ್ಥವಲ್ಲ. 1959ರ ಆಯುಧ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಅದನ್ನು ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಬೆಂಗಳೂರು ನಗರದಲ್ಲಿ ಪರವಾನಗಿಯನ್ನು ಕೊಡುವ ಅಧಿಕಾರವು ಪೊಲೀಸ್ ಕಮಿಷನರವರದು. ಕಮಿಷನರೇಟ್ ಇಲ್ಲದ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳದು. ಅರ್ಜಿ ಕೊಟ್ಟ ಮೇಲೆ ಠಾಣೆಯವರು ಮನೆಗೆ ಬಂದು ವಿಚಾರಣೆ ನಡೆಸುವರು. ನೆರೆಹೊರೆಯಲ್ಲಿ ಅರ್ಜಿದಾರನ ನಡತೆಯನ್ನು ವಿಚಾರಿಸುವರು. ನಿಜವಾದ ಅವಶ್ಯಕತೆಯಿದೆಯೇ ಎಂದು ನೋಡುವರು. 2016ರ ಆಯುಧ ನಿಯಮಗಳು ಇವುಗಳ ಜೊತೆಗೆ ವೈದ್ಯಕೀಯ ಪ್ರಮಾಣಪತ್ರವನ್ನೂ ಆಯುಧದ ಬಳಕೆಯಲ್ಲಿ ತರಬೇತಿ ಪಡೆದುದಕ್ಕೆ ಸಾಕ್ಷ್ಯವನ್ನೂ ಕೇಳುತ್ತವೆ. ಆಯುಧವನ್ನು ಭದ್ರವಾಗಿ ಇರಿಸುವೆನೆಂಬ ಮುಚ್ಚಳಿಕೆಯನ್ನೂ ಬರೆಯಿಸಿಕೊಳ್ಳುತ್ತವೆ. ನಾವು ಮೊದಲನೆಯದೆಂದು ಹೇಳಿದ ಪ್ರಶ್ನೆಯನ್ನು ಸರ್ಕಾರವೂ ಅರ್ಜಿಯ ಕಾಲದಲ್ಲಿಯೇ ಕೇಳುತ್ತಿರುವುದನ್ನು ಗಮನಿಸಬೇಕು. ಪಕ್ಕದ ಬೀದಿಯ ಕಳ್ಳತನವೊಂದೇ ಕಾರಣವೆಂದು ಬರೆದರೆ ಅರ್ಜಿಯು ತಿರಸ್ಕೃತವಾಗಲೂಬಹುದು. 2019ರ ತಿದ್ದುಪಡಿಯಾದ ಮೇಲೆ ಪರವಾನಗಿಯ ಅವಧಿ 5 ವರ್ಷ; ಒಬ್ಬನು ಸಾಮಾನ್ಯವಾಗಿ 2 ಬಂದೂಕುಗಳಿಗಿಂತ ಹೆಚ್ಚಾಗಿ ಇಟ್ಟುಕೊಳ್ಳುವಂತಿಲ್ಲ.

ಈ ಕಟ್ಟಳೆಗೆ ನಮ್ಮ ಕರ್ನಾಟಕದಲ್ಲಿಯೇ ಒಂದು ಪ್ರಸಿದ್ಧವಾದ ಅಪವಾದವಿದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ 1861ರಷ್ಟು ಹಿಂದಿನಿಂದ ವಿನಾಯಿತಿ ನಡೆದುಬಂದಿದೆ. ಕೇಂದ್ರ ಸರ್ಕಾರವು 2019ರಲ್ಲಿ ಇದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು; 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೊಡವರ ಮನೆಯಲ್ಲಿ ಬಂದೂಕು ಭಯದಿಂದ ಕೊಂಡುತಂದ ಪದಾರ್ಥವಲ್ಲ. ಕೈಲ್‌ಪೋಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುವ, ಜನನಕ್ಕೂ ಮರಣಕ್ಕೂ ಗುಂಡು ಹಾರಿಸಿ ಸಾರುವ ಕುಲದ ವಸ್ತು. ಹುಡುಗನು ಹಿರಿಯರ ಕಣ್ಣೆದುರಿಗೆ ಅದನ್ನು ಹಿಡಿಯಲು ಕಲಿಯುವನು. ಪೇಟೆಯಿಂದ ಆಯುಧವನ್ನು ತರುವ ನಗರವಾಸಿಯು ಈ ಶಿಕ್ಷಣವನ್ನು ಅದರೊಡನೆ ತರಲಾರನು. ಅದನ್ನು ಬೇರೆಯಾಗಿಯೇ ಸಂಪಾದಿಸಬೇಕು.

ಇನ್ನು ಆಯ್ಕೆಯ ವಿಚಾರ. ಪೊಲೀಸರು ಬಳಸುವ 9 ಮಿಲಿಮೀಟರ್ ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ದೊರೆಯದು. ಅವನಿಗೆ ಸಾಮಾನ್ಯವಾಗಿ ದೊರೆಯುವುದು .32 ಅಂಗುಲದ ರಿವಾಲ್ವರ್ ಅಥವಾ ಪಿಸ್ತೂಲು. ರಿವಾಲ್ವರಿನಲ್ಲಿ ಆರು ಗೂಡುಗಳುಳ್ಳ ಒಂದು ಉರುಳೆ ತಿರುಗುವುದು. ತೆರೆದು ನೋಡಿದರೆ ತೋಟಾ ಇದೆಯೇ ಇಲ್ಲವೇ ಎಂಬುದು ಕಣ್ಣಿಗೇ ಕಾಣುವುದು. ಒಂದು ತೋಟಾ ಸಿಡಿಯದೆ ಹೋದರೆ ಮತ್ತೊಮ್ಮೆ ಕುದುರೆಯನ್ನು ಎಳೆದರೆ ಸಾಕು, ಮುಂದಿನದು ಎದುರಿಗೆ ಬರುವುದು. ಪಿಸ್ತೂಲಿನಲ್ಲಿ ತೋಟಾಗಳು ಹಿಡಿಯೊಳಗಿನ ಡಬ್ಬಿಯಲ್ಲಿರುವುವು. ಅದು ತೆಳ್ಳಗಿರುವುದರಿಂದ ಒಯ್ಯುವುದಕ್ಕೆ ಅನುಕೂಲ. ಆದರೆ ಡಬ್ಬಿಯನ್ನು ಹೊರಗೆ ತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ‘ಖಾಲಿಯಾಗಿದೆ’ ಎಂದು ತಿಳಿದ ಪಿಸ್ತೂಲು ಸಿಡಿಯುವುದು ಹೀಗೆ. ನಿತ್ಯವೂ ಅಭ್ಯಾಸ ಮಾಡದ ವೃದ್ಧರಿಗೆ ರಿವಾಲ್ವರೇ ಮೇಲೆಂದು ನಾವು ಹೇಳುವುದಕ್ಕೆ ಇದೇ ಕಾರಣ. ಎರಡನ್ನೂ .32 ಎಂದೇ ಕರೆದರೂ ಅವುಗಳ ತೋಟಾಗಳು ಬೇರೆ ಬೇರೆ ಎಂಬುದನ್ನೂ ಮರೆಯಬಾರದು.

1980ರ ದಶಕದಿಂದೀಚೆಗೆ ಸಾಮಾನ್ಯ ನಾಗರಿಕರು ಪರದೇಶದ ಕೈಬಂದೂಕುಗಳನ್ನು ತರಿಸಿಕೊಳ್ಳುವುದು ನಿಂತುಹೋದದ್ದರಿಂದ, ಹಳೆಯ ವಿಲಾಯತಿ ಆಯುಧಗಳಿಗೆ ಅವುಗಳ ಯೋಗ್ಯತೆಗೆ ಮೀರಿದ ಬೆಲೆ ಬಂದಿದೆ. ಹೆಸರಿಗೆ ಮರುಳಾಗಬಾರದು. ಕಾನ್ಪುರದ ಸರ್ಕಾರಿ ಕಾರ್ಖಾನೆಯು 2014ರಲ್ಲಿ ಸ್ತ್ರೀಯರನ್ನು ಉದ್ದೇಶಿಸಿ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಹೊರತಂದಿತು. ತೂಕ ಸುಮಾರು 500 ಗ್ರಾಂ, ಅಂದಿನ ಬೆಲೆ ಸುಮಾರು 1,22,000 ರೂಪಾಯಿ. ಹಗುರವಾದ ಆಯುಧವು ಕೈಚೀಲಕ್ಕೆ ಹಿತ. ಆದರೆ ಗುಂಡು ಹಾರಿದಾಗ ಅದು ಕೈಯನ್ನು ಹೆಚ್ಚಾಗಿ ಒದೆಯುವುದು, ಗುರಿಯೂ ಸುಲಭವಾಗಿ ತಪ್ಪುವುದು. ಅಂಗಡಿಯಲ್ಲಿ ಕೆಲವನ್ನು ಪರೀಕ್ಷಿಸಿ ನೋಡಬೇಕು. ಹಿಡಿಯು ನಮ್ಮ ಅಂಗೈಗೆ ತುಂಬಿ ಕೂರುವುದೇ? ಕುದುರೆಯನ್ನು ತೋರುಬೆರಳಿನಿಂದ ನಳಿಗೆ ಅಲುಗದಂತೆ ಎಳೆಯಬಲ್ಲೆವೇ? ಉರುಳೆ ತನ್ನ ಸ್ಥಾನದಲ್ಲಿ ಗಟ್ಟಿಯಾಗಿ ನಿಲ್ಲುವುದೇ? ನಳಿಗೆಯ ಒಳಗೆ ತುಕ್ಕಿದೆಯೇ? ಆಯುಧದ ಮೇಲಣ ಸಂಖ್ಯೆಯೂ ಕಾಗದಪತ್ರದ ಸಂಖ್ಯೆಯೂ ಒಂದೇ ಆಗಿವೆಯೇ? ಹೆಂಡತಿಯೂ ಬಳಸುವಳೆಂದು ಗೃಹಸ್ಥರು ಭಾವಿಸಿದ್ದರೆ, ಗಂಡನ ಪರವಾನಗಿಯು ಅವಳದಾಗುವುದಿಲ್ಲವೆಂಬುದನ್ನು ಅರಿಯಬೇಕು.

ಕೊಂಡದ್ದಾಯಿತೆನ್ನೋಣ. ರಾತ್ರಿ ಎರಡು ಗಂಟೆಗೆ ಹಿತ್ತಲಲ್ಲಿ ಸದ್ದಾಯಿತು. ಆಗ ಕಾನೂನು ಏನು ಹೇಳುತ್ತದೆ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು, ಹಿಂದಿನ ದಂಡಸಂಹಿತೆಯಂತೆಯೇ, ದೇಹವನ್ನೂ ಸ್ವತ್ತನ್ನೂ ರಕ್ಷಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಪ್ರಾಣಕ್ಕೆ ಅಪಾಯವೆಂದು ಯುಕ್ತವಾಗಿ ತೋರಿದಾಗಲೂ, ರಾತ್ರಿಯಲ್ಲಿ ಮನೆಯನ್ನು ಭೇದಿಸಿ ನುಗ್ಗಿದಾಗಲೂ ಆ ಹಕ್ಕು ಎದುರಾಳಿಯ ಪ್ರಾಣದವರೆಗೂ ಹೋಗಬಹುದು. ಆದರೆ ಅವಶ್ಯಕವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವ ಹಕ್ಕು ಯಾರಿಗೂ ಇಲ್ಲ. ಪೊಲೀಸರ ನೆರವನ್ನು ಪಡೆಯಲು ಸಮಯವಿದ್ದಲ್ಲಿ ಈ ಹಕ್ಕೇ ಇಲ್ಲ. ಗೋಡೆ ಹಾರಿ ಓಡಿಹೋಗುತ್ತಿರುವವನ ಬೆನ್ನಿಗೆ ಗುಂಡಿಟ್ಟರೆ, ಕಳ್ಳನಿಗೆ ಬದಲಾಗಿ ಮನೆಯ ಯಜಮಾನನೇ ಆಪಾದಿತನ ಸ್ಥಾನದಲ್ಲಿ ನಿಲ್ಲಬೇಕಾದೀತು. ಇದಕ್ಕಿಂತ ಘೋರವಾದದ್ದು ಇನ್ನೊಂದುಂಟು: ಕತ್ತಲೆಯಲ್ಲಿ ನಡೆದುಬಂದದ್ದು ಕಳ್ಳನಾಗಿರದೆ, ನೀರು ಕುಡಿಯಲೆಂದು ಎದ್ದ ಮೊಮ್ಮಗಳಾಗಿದ್ದರೆ? ಬಿಟ್ಟ ಗುಂಡನ್ನು ಮರಳಿ ಕರೆಯುವ ಮಂತ್ರವಿಲ್ಲ.

ಆದ್ದರಿಂದ ನಾವು ಮತ್ತೆ ಮೊದಲ ಪ್ರಶ್ನೆಗೇ ಬಂದೆವು. ಆಯುಧವನ್ನು ದಿಂಬಿನ ಕೆಳಗಿಟ್ಟರೆ ಅದು ಬೇಗ ಕೈಗೆ ಬರುವುದು. ಹಾಗೆಯೇ ಮಗುವಿನ ಕೈಗೂ, ಕಳ್ಳನ ಕೈಗೂ, ಮನಸ್ಸು ಕುಗ್ಗಿದ ಮನೆಯವರ ಕೈಗೂ ಬರುವುದು. ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಅವರೆಲ್ಲರೂ ಕ್ಷೇಮ. ಆದರೆ ಬೇಕಾದ ಕ್ಷಣಕ್ಕೆ ಅದು ಸಿಕ್ಕುವುದೆಂಬ ಭರವಸೆ ಕಡಮೆ. ಈ ಎರಡನ್ನೂ ಒಟ್ಟಿಗೆ ಪಡೆಯುವ ಉಪಾಯವಿಲ್ಲ. ನಾವಾದರೋ ಎರಡನೆಯದನ್ನೇ ಹೇಳುವೆವು: ಆಯುಧವು ಒಂದು ಬೀಗದಲ್ಲಿ, ತೋಟಾಗಳು ಇನ್ನೊಂದು ಬೀಗದಲ್ಲಿ, ಕೀಲಿಯು ಯಜಮಾನನಲ್ಲಿ. ಹೊರಗೆ ತೆಗೆದಾಗಲೆಲ್ಲ ಅದು ತುಂಬಿದೆಯೆಂದೇ ಭಾವಿಸಬೇಕು. ನಳಿಗೆಯನ್ನು ಯಾರ ಕಡೆಗೂ ತಿರುಗಿಸಬಾರದು. ಗುರಿಯನ್ನು ನಿಶ್ಚಯಿಸುವವರೆಗೆ ಬೆರಳು ಕುದುರೆಯ ಮೇಲೆ ಹೋಗಬಾರದು. ಚುನಾವಣೆಯ ಕಾಲದಲ್ಲಿ ಅದನ್ನು ಠಾಣೆಯಲ್ಲಿ ಇಟ್ಟುಬರುವಂತೆ ಆಜ್ಞೆಯಾಗಬಹುದು. ಆ ವಾರಗಳಲ್ಲಿ ಮನೆಯನ್ನು ಕಾಯುವುದು ಬಾಗಿಲೇ.

ಈ ಶಿಸ್ತು ತಮಗೆ ಭಾರವೆಂದು ನಮ್ಮ ಗೃಹಸ್ಥರಿಗೆ ತೋರಿದರೆ, ಅದರಲ್ಲಿ ನಾಚಿಕೆಪಡುವಂತಹದೇನೂ ಇಲ್ಲ. ಗಟ್ಟಿಯಾದ ಬಾಗಿಲು, ಕಿಟಕಿಗೆ ಸಲಾಕೆ, ಹಿತ್ತಲಿಗೆ ದೀಪ, ಬೊಗಳುವ ನಾಯಿ, ಕೂಗಿದರೆ ಬರುವ ನೆರೆಮನೆ, 112 ಎಂಬ ದೂರವಾಣಿಯ ಸಂಖ್ಯೆ: ಇವು ಪರವಾನಗಿಯನ್ನು ಬೇಡದ ಆಯುಧಗಳು, ತಪ್ಪಿ ಸಿಡಿಯುವಂಥವೂ ಅಲ್ಲ. ಇವೆಲ್ಲ ಆದ ಮೇಲೂ ನಿಜವಾದ ಬೆದರಿಕೆಯು ಉಳಿದಿದ್ದರೆ ಆಗ ಅರ್ಜಿಯನ್ನು ಬರೆಯಲಿ.

ಪಾಂಡವರು ವಿರಾಟನಗರವನ್ನು ಹೊಗುವುದಕ್ಕೆ ಮೊದಲು ತಮ್ಮ ಆಯುಧಗಳನ್ನು ಶಮೀವೃಕ್ಷದ ಮೇಲೆ ಅಡಗಿಸಿಟ್ಟರು. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಹಂಚುವ ನಾವೆಲ್ಲರೂ ಈ ಕಥೆಯನ್ನು ಬಲ್ಲೆವು. ಗಾಂಡೀವವನ್ನು ಹಿಡಿಯಬಲ್ಲವನೇ ಅದನ್ನು ಕೆಳಗಿಡಲು ಮೊದಲು ಮರವನ್ನು ಹುಡುಕಿದನು. ಬನಶಂಕರಿಯ ಗೃಹಸ್ಥರೂ ಅಂಗಡಿಯನ್ನು ಹುಡುಕುವ ಮುನ್ನ ತಮ್ಮ ಮನೆಯಲ್ಲಿ ಆ ಬನ್ನಿಯ ಮರವೆಲ್ಲಿದೆಯೆಂದು ನೋಡಿಕೊಳ್ಳಲೆಂದು ಬಿನ್ನವಿಸಿ, ಈ ಭಾಷಣವನ್ನು ಮುಗಿಸುವೆವು.