ಗೈಡ್ ಜೊತೆ ಮನಸ್ತಾಪವಾದರೆ ಯಾರಿಗೆ ಹೇಳುವುದು?

ಪ್ರಶ್ನೆ: ಪಿಎಚ್‌.ಡಿ. ವಿದ್ಯಾರ್ಥಿಗೂ ಮಾರ್ಗದರ್ಶಕರಿಗೂ ಮನಸ್ತಾಪ ಬಂದರೆ, ಗುಟ್ಟು ಬಿಟ್ಟುಕೊಡದೆ ನೆರವಾಗುವವರು ಇರುತ್ತಾರೆಯೇ?

ಉತ್ತರ: ಜರ್ಮನಿಯಲ್ಲಿ ಇದ್ದಾರೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಓಂಬುಡ್ಸ್‌ಪರ್ಸನ್, ಅಂದರೆ ದೂರು ಕೇಳುವ ತಟಸ್ಥ ವ್ಯಕ್ತಿ, ಇರುತ್ತಾರೆ. ರಾಷ್ಟ್ರಮಟ್ಟದಲ್ಲೂ 1999ರಿಂದ ಇಂಥ ವ್ಯವಸ್ಥೆಯಿದೆ. ಲೇಖನದಲ್ಲಿ ಯಾರ ಹೆಸರು ಮೊದಲು, ಪ್ರಯೋಗದ ದತ್ತಾಂಶ ಯಾರದು ಎಂಬಂಥ ಜಗಳಗಳನ್ನು ಅವರು ಗೋಪ್ಯವಾಗಿ ಕೇಳಿಸಿಕೊಂಡು, ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ.

ನಮ್ಮಲ್ಲಿ ವಿದ್ಯಾರ್ಥಿಯ ಪ್ರಗತಿ ನೋಡುವ ಸಂಶೋಧನಾ ಸಲಹಾ ಸಮಿತಿಗೆ ಗೈಡ್ ಅವರೇ ಸಂಚಾಲಕರು. ಅವರ ಮೇಲಿನ ದೂರನ್ನು ಅವರೆದುರೇ ಹೇಳುವುದು ಹೇಗೆ? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮಾವಳಿ ಬೇರೆ ದಾರಿ ತೋರಿಸಿದೆ. ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಸಾಧ್ಯವಾದಷ್ಟು 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಅದು ಸಮಾಧಾನ ತರದಿದ್ದರೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಆ ಸ್ಥಾನದಲ್ಲಿರುತ್ತಾರೆ.

ಆದರೆ ಇದು ಲಿಖಿತ ದೂರಿನ ದಾರಿ. ದೂರು ಕೊಡುವ ಮೊದಲೇ ನಂಬಿ ಮನಸ್ಸು ಬಿಚ್ಚಿ ಮಾತಾಡಬಲ್ಲ ಒಬ್ಬರು ಪ್ರತಿ ವಿಶ್ವವಿದ್ಯಾಲಯದಲ್ಲೂ ಇರಲೇಬೇಕು. ಎಷ್ಟೋ ವರ್ಷಗಳ ದುಡಿಮೆ ಗೈಡ್ ಅವರ ಒಂದು ಸಹಿಗಾಗಿ ಹಾಳಾಗಬಾರದು. ಅಂಥವರು ಸಿಗುವವರೆಗೆ, ಸಂಶೋಧಕರೇ, ಗೈಡ್ ಜೊತೆಗಿನ ಪ್ರತಿ ಭೇಟಿಯ ಸಾರಾಂಶವನ್ನು ದಿನಾಂಕ ಸಮೇತ ಅವರಿಗೇ ಇ-ಮೇಲ್ ಮಾಡಿಡಿ.