ನಮ್ಮ ಹೊಲದ ಊಟ, ನಮ್ಮ ಮನೆಯ ಮದುವೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ಹಿರಿಯರು ಹೇಳುತ್ತಾರೆ. ಎರಡರಲ್ಲೂ ಖರ್ಚು ಕೈ ಮೀರುತ್ತದೆ. ಮದುವೆಯ ದೊಡ್ಡ ಖರ್ಚುಗಳಲ್ಲಿ ಊಟವೂ ಒಂದು. ಊಟ ಒಂದು ಹೊತ್ತಿನದು. ಅದಕ್ಕಾಗಿ ಮಾಡಿದ ಸಾಲ ವರ್ಷಗಟ್ಟಲೆ ಉಳಿಯುತ್ತದೆ.

ಒಂದು ಲೆಕ್ಕ ಹಾಕೋಣ. ಊಟಕ್ಕೆ 50,000 ರೂಪಾಯಿ ಸಾಲ ತಂದಿರಿ ಅನ್ನಿ. ಬಡ್ಡಿ ತಿಂಗಳಿಗೆ ನೂರಕ್ಕೆ 3 ರೂಪಾಯಿ. ಆಗ ತಿಂಗಳ ಬಡ್ಡಿ 1,500 ರೂಪಾಯಿ. ವರ್ಷಕ್ಕೆ 18,000 ರೂಪಾಯಿ. ಇದು ಬರೀ ಬಡ್ಡಿ. ಅಸಲು ಹಾಗೇ ಕುಂತಿರುತ್ತದೆ. ಮಗಳು ಗಂಡನ ಮನೆಗೆ ಹೋದ ಮೇಲೂ ತಾಯಿ ಕೂಲಿ ಮಾಡಿ ಬಡ್ಡಿ ಕಟ್ಟಬೇಕಾಗುತ್ತದೆ.

ಊಟಕ್ಕೆ ಏನೇನು ಮಾಡಬೇಕು ಅಂತ ಯಾರು ಗೊತ್ತು ಮಾಡುತ್ತಾರೆ? ಬಹಳ ಮನೆಗಳಲ್ಲಿ ಗಂಡಸರು ಮತ್ತು ಅಡಿಗಿಯವರು ಕುಂತು ಮಾತಾಡಿ ಮುಗಿಸುತ್ತಾರೆ. 'ಅಡಿಗಿ ಮಾಡಾಕ ನಾವು ಬೇಕು, ಲೆಕ್ಕ ಹಾಕಾಕ ನಾವು ಬ್ಯಾಡೇನ್ರಿ?' ಅಂತ ನೀವು ಕೇಳಬಹುದು. ಖಂಡಿತ ಬೇಕು. ಈಗ ನಿಮಗೆ ಬರೆಯಲು ಬರುತ್ತದೆ. ಕೂಡಿಸಲು, ಗುಣಿಸಲು ಬರುತ್ತದೆ. ಊಟದ ಪಟ್ಟಿಯನ್ನು ನೀವೇ ಬರೆಯಿರಿ.

ಒಂದು ಎಳೆ ಹಿಡಿಯಿರಿ

ಪಟ್ಟಣದ ಮದುವೆಗಳಲ್ಲಿ ಈಗ 'ಥೀಮ್' ಊಟ ಅಂತ ಮಾಡಿಸುತ್ತಾರೆ. ಥೀಮ್ ಅಂದರೆ ಒಂದು ಎಳೆ. ಬಡಿಸುವ ಪದಾರ್ಥಗಳೆಲ್ಲ ಆ ಒಂದೇ ಎಳೆಗೆ ಹೊಂದಬೇಕು. ಅದಕ್ಕೆ ದೊಡ್ಡ ರೊಕ್ಕ ಬೇಕು ಅಂತ ತಿಳಿಯಬೇಡಿ. ಎಳೆ ಇದ್ದರೆ ಖರ್ಚು ಕಡಿಮೆಯಾಗುತ್ತದೆ. ಕಂಡ ಕಂಡ ಪದಾರ್ಥ ಪಟ್ಟಿಗೆ ಸೇರುವುದಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನಮಗೆ ಒಪ್ಪುವ ಎಳೆ ಯಾವುದು? 'ನಮ್ಮ ಹೊಲದ ಊಟ.' ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬೆಳೆಯುತ್ತದೆ. ಸುಗ್ಗಿ ಮುಗಿದು ಹೊಸ ಜೋಳ ಮನೆಗೆ ಬಂದ ಮೇಲೆ ಬೇಸಿಗೆಯ ಮದುವೆಗಳು ಬರುತ್ತವೆ. ಕಾಳು ಮನೆಯಲ್ಲೇ ಇರುತ್ತದೆ. ಹೊಲ ಇಲ್ಲದವರೂ ಸುಗ್ಗಿಯ ಹೊತ್ತಿಗೇ ಜೋಳ ಕೊಂಡು ಇಟ್ಟುಕೊಳ್ಳಬಹುದು.

ಅಕ್ಕಿಕಾಳು ಬಿದ್ದ ಮೇಲಿನ ಊಟ ಇರಲಿ, ಸಂಜೆಯ ಆರತಕ್ಷತೆಯ ಊಟ ಇರಲಿ, ಇಷ್ಟು ಸಾಕು:

ಖಡಕ್ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗೋದಿ ಹುಗ್ಗಿ, ಅನ್ನ, ಸಾರು, ಮಜ್ಜಿಗೆ.

ಹೊಟ್ಟೆ ತುಂಬುತ್ತದೆ. ಸಿಹಿ ಇದೆ, ಖಾರ ಇದೆ. ಕಾಳು ಇದೆ, ಕಾಯಿಪಲ್ಯ ಇದೆ. ಬದನೆಕಾಯಿ ತುಟ್ಟಿ ಇದ್ದರೆ ಆ ವಾರ ಸಂತೆಯಲ್ಲಿ ಅಗ್ಗ ಸಿಗುವ ಕಾಯಿಪಲ್ಯ ತನ್ನಿ.

300 ಮಂದಿಗೆ ಎಷ್ಟು ಬೇಕು?

ಮೊದಲು ಒಬ್ಬರಿಗೆ ಎಷ್ಟು ಅಂತ ಬರೆಯಿರಿ. ಆಮೇಲೆ ಮಂದಿಯ ಸಂಖ್ಯೆಯಿಂದ ಗುಣಿಸಿರಿ. ಇದು ಅಂದಾಜು ಲೆಕ್ಕ:

ರೊಟ್ಟಿ: ಒಬ್ಬರಿಗೆ 2. ಒಟ್ಟು 600 ರೊಟ್ಟಿ. ಒಂದು ಕಿಲೋ ಹಿಟ್ಟಿಗೆ 15 ತೆಳ್ಳನೆಯ ರೊಟ್ಟಿ ಹಿಡಿದರೆ 40 ಕಿಲೋ ಹಿಟ್ಟು.
ಬದನೆಕಾಯಿ: ಒಬ್ಬರಿಗೆ 2 ಸಣ್ಣ ಕಾಯಿ. ಕಿಲೋಕ್ಕೆ 20 ಕಾಯಿ ಹಿಡಿದರೆ 30 ಕಿಲೋ.
ಹೆಸರುಕಾಳು: ಒಬ್ಬರಿಗೆ 20 ಗ್ರಾಂ. ಒಟ್ಟು 6 ಕಿಲೋ.
ಚಟ್ನಿಗೆ ಶೇಂಗಾ: ಒಬ್ಬರಿಗೆ 10 ಗ್ರಾಂ. ಒಟ್ಟು 3 ಕಿಲೋ.
ಹುಗ್ಗಿಗೆ ಗೋದಿ: ಒಬ್ಬರಿಗೆ 50 ಗ್ರಾಂ. ಒಟ್ಟು 15 ಕಿಲೋ. ಬೆಲ್ಲವೂ ಅಷ್ಟೇ.
ಅಕ್ಕಿ: ಒಬ್ಬರಿಗೆ 80 ಗ್ರಾಂ. ಒಟ್ಟು 24 ಕಿಲೋ.

ಎಣ್ಣೆ, ಬೇಳೆ, ಖಾರ, ಮೊಸರು, ಕಟ್ಟಿಗೆ ಅಥವಾ ಗ್ಯಾಸ್ ಇವನ್ನೂ ಬರೆಯಿರಿ. ಪಕ್ಕದಲ್ಲಿ ಎರಡು ಗೆರೆ ಎಳೆಯಿರಿ. ಒಂದು ಕಡೆ 'ಮನೆಯಲ್ಲಿ ಇದ್ದದ್ದು', ಇನ್ನೊಂದು ಕಡೆ 'ಕೊಳ್ಳಬೇಕಾದದ್ದು'. ಎರಡು ಮೂರು ಅಂಗಡಿಯಲ್ಲಿ ದರ ಕೇಳಿ ಬರೆಯಿರಿ. ಆಗ ಕೊಳ್ಳುವ ಸಾಮಾನಿನ ಖರ್ಚು ಕಣ್ಣಿಗೆ ಕಾಣುತ್ತದೆ. ಅಡಿಗಿಯವರ ಕೂಲಿ, ಪಾತ್ರೆ ಬಾಡಿಗೆಯನ್ನು ಕೆಳಗೆ ಕೂಡಿಸಿರಿ.

'ಇನ್ನೊಂದು ಸಿಹಿ ಇರಲಿ ಬಿಡ್ರಿ' ಅಂತ ಯಾರಾದರೂ ಅಂದಾರು. ಅದಕ್ಕೆ ಒಂದು ಊಟಕ್ಕೆ 15 ರೂಪಾಯಿ ಬೀಳುತ್ತದೆ ಅನ್ನಿ. 300 ಊಟಕ್ಕೆ 4,500 ರೂಪಾಯಿ! ಮಾತಿನಲ್ಲಿ ಅದು ಸಣ್ಣದು. ಕಾಗದದ ಮೇಲೆ ದೊಡ್ಡದು.

ರೊಟ್ಟಿ ಬಡಿಯುವವರು ಯಾರು?

ಖಡಕ್ ರೊಟ್ಟಿಯ ಗುಣ ನಿಮಗೆ ಗೊತ್ತೇ ಇದೆ. ಚೆನ್ನಾಗಿ ಬೇಯಿಸಿ, ಪೂರ್ತಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ಬಹಳ ದಿನ ಇರುತ್ತದೆ. ಹಸಿ ಉಳಿದರೆ ಮಾತ್ರ ಬೂಸು ಹಿಡಿಯುತ್ತದೆ. ಆದ್ದರಿಂದ ಮದುವೆಗೆ ವಾರ ಮೊದಲೇ ರೊಟ್ಟಿ ಮಾಡಿಡಬಹುದು.

600 ರೊಟ್ಟಿ ಒಬ್ಬಳಿಂದ ಆಗದು. ಓಣಿಯ 20 ಮನೆಗೆ ಹಂಚಿರಿ. ಒಂದೊಂದು ಮನೆಗೆ 2 ಕಿಲೋ ಹಿಟ್ಟು ಕೊಡಿ. 30 ರೊಟ್ಟಿ ಬರುತ್ತವೆ. ಯಾರಿಗೆ ಎಷ್ಟು ಕೊಟ್ಟಿರಿ ಅಂತ ಬರೆದಿಡಿ. ನಾಳೆ ಅವರ ಮನೆಯ ಮದುವೆಗೆ ನೀವು ಬಡಿದು ಕೊಡಿ. ಕೂಲಿಯೂ ಉಳಿಯಿತು, ಬಳಕೆಯೂ ಬೆಳೆಯಿತು.

ಇದು ಹೊಸ ಮಾತಲ್ಲ. ಗದಗ ಜಿಲ್ಲೆಯ ದಂಬಳದಲ್ಲಿ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ನಡೆಯುತ್ತದೆ. ಮನೆ ಮನೆಯ ಹೆಣ್ಣುಮಕ್ಕಳು ರೊಟ್ಟಿ ಬಡಿದು ಕೊಡುತ್ತಾರೆ. ಸಾವಿರಾರು ಮಂದಿ ಒಟ್ಟಿಗೆ ಉಣ್ಣುತ್ತಾರೆ. ಅಷ್ಟು ಮಂದಿಗೆ ಆಗುವುದು ನಮ್ಮ 300 ಮಂದಿಗೆ ಆಗಲಾರದೇ?

ಬೀಗರು ಏನಂದಾರು?

'ಅಕ್ಕೋರ, ರೊಟ್ಟಿ ಹಾಕಿದ್ರ ಬೀಗರು ನಕ್ಕಾರ್ರಿ' ಅಂತ ಒಬ್ಬ ತಾಯಿ ಅಂಜಬಹುದು. ಈ ಅಂಜಿಕೆಯೇ ಸಾಲದ ಬಾಗಿಲು ತೆರೆಯುತ್ತದೆ. ಸ್ವಲ್ಪ ವಿಚಾರ ಮಾಡಿರಿ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ನಾವು ಪಡ್ಡಲಗಿ ತುಂಬಿಸುತ್ತೇವೆ. ಅದರಲ್ಲಿ ರೊಟ್ಟಿ, ಪಲ್ಯ ಇಡುತ್ತೇವೆ. ದೇವಿಗೆ ಸಲ್ಲುವ ರೊಟ್ಟಿ ಬೀಗರಿಗೆ ಸಲ್ಲದೇ?

ವಿಶ್ವಸಂಸ್ಥೆ 2023ನೇ ವರ್ಷವನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿತು. ಜೋಳವೂ ಸಿರಿಧಾನ್ಯಗಳ ಸಾಲಿಗೆ ಸೇರಿದೆ. ಇವತ್ತು ಪಟ್ಟಣದ ಖಾನಾವಳಿಗಳಲ್ಲಿ ಮಂದಿ ರೊಕ್ಕ ಕೊಟ್ಟು ಜೋಳದ ರೊಟ್ಟಿ ಉಣ್ಣುತ್ತಾರೆ. ಆದರೂ ಬೀಗರ ಜೊತೆ ಮೊದಲೇ ಕುಂತು ಮಾತಾಡುವುದು ಒಳ್ಳೆಯದು. 'ನಮ್ಮ ಹೊಲದ ಊಟ ಮಾಡಸ್ತೀವ್ರಿ, ಸಾಲ ಮಾಡೂದಿಲ್ರಿ' ಅಂತ ನೆಟ್ಟಗೆ ಹೇಳಿರಿ. ಅವರ ಮನೆಯಲ್ಲೂ ಹೆಣ್ಣುಮಕ್ಕಳು ಇರುತ್ತಾರೆ. ಅವರಿಗೂ ಈ ಮಾತು ಬೇಕಾಗಿರುತ್ತದೆ.

ನೆನಪಿಡಿ

ಕರೆಯುವವರ ಹೆಸರನ್ನು ಮನೆ ಮನೆಯಾಗಿ ಬರೆಯಿರಿ. ಮಂದಿಯ ಲೆಕ್ಕ ತಪ್ಪಿದರೆ ಎಲ್ಲ ಲೆಕ್ಕವೂ ತಪ್ಪುತ್ತದೆ.
ಅನ್ನವನ್ನು ಒಮ್ಮೆಗೇ ಮಾಡಿಸಬೇಡಿ. ಮಂದಿ ನೋಡಿ ಎರಡು ಮೂರು ಸಲ ಮಾಡಿಸಿರಿ.
ಕುಡಿಯುವ ನೀರನ್ನು ಮುಚ್ಚಿಡಿ.
ಬೇಸಿಗೆಯಲ್ಲಿ ಅನ್ನ, ಪಲ್ಯ ಬೇಗ ಕೆಡುತ್ತವೆ. ಉಳಿದದ್ದನ್ನು ಕೆಡುವ ಮೊದಲೇ ಹಂಚಿಬಿಡಿ.

ಈಗ ಪಾಟಿ ಅಥವಾ ವಹಿ ತೆಗೆದುಕೊಳ್ಳಿ. ನಿಮ್ಮ ಮನೆಯಲ್ಲಿ 200 ಮಂದಿಯ ಮದುವೆ ಇದೆ ಅಂತ ತಿಳಿಯಿರಿ. ರೊಟ್ಟಿ ಎಷ್ಟು? ಹಿಟ್ಟು ಎಷ್ಟು ಕಿಲೋ? ಅಕ್ಕಿ ಎಷ್ಟು? ಲೆಕ್ಕ ಹಾಕಿರಿ. ಪಕ್ಕದವರ ಲೆಕ್ಕದ ಜೊತೆ ಹೋಲಿಸಿ ನೋಡಿರಿ.